ಜಾರ್ಜಿಯಾದ ಕೆಂಪು ವೈನ್ ಕುಡಿದು ನೋಡಬೇಕಾ? ಸಪೆರಾವಿಯಿಂದ ಶುರು ಮಾಡಿ

ಚಿಕ್ಕಬಳ್ಳಾಪುರದವರಿಗೆ ದ್ರಾಕ್ಷಿ ಹೊಸದಲ್ಲ, ಆದರೆ ಜಾರ್ಜಿಯಾ ದೇಶದ ವೈನ್ ಕುಡಿದವರು ಕಡಿಮೆ. ಅಲ್ಲಿ ಸುಮಾರು 8,000 ವರ್ಷಗಳಿಂದ ವೈನ್ ಮಾಡುತ್ತಿದ್ದಾರೆ! ಬೆಂಗಳೂರಿಗೆ ಹೋದಾಗ ದೊಡ್ಡ ವೈನ್ ಅಂಗಡಿಗಳಲ್ಲಿ ವಿಚಾರಿಸಿ, ಲೇಬಲ್ ಮೇಲೆ ಸಪೆರಾವಿ ಅನ್ನುವ ದ್ರಾಕ್ಷಿ ತಳಿಯ ಹೆಸರು ಇದೆಯಾ ನೋಡಿ. ಈ ದ್ರಾಕ್ಷಿಯ ಸಿಪ್ಪೆ ಮಾತ್ರ ಅಲ್ಲ, ತಿರುಳೂ ಕೆಂಪು, ಅದಕ್ಕೇ ಲೋಟಕ್ಕೆ ಸುರಿದರೆ ನೇರಳೆ ಹಣ್ಣಿನ ರಸದ ಹಾಗೆ ದಟ್ಟವಾಗಿರುತ್ತದೆ. ಸಿಹಿ ಇಷ್ಟ ಇದ್ದರೆ ಕಿಂಡ್ಜ್ಮರೌಲಿ ಕೇಳಿ, ಅದೂ ಸಪೆರಾವಿಯದೇ. ಕ್ವೆವ್ರಿ ಅಂತ ಬರೆದಿದ್ದರೆ ನೆಲದಲ್ಲಿ ಹೂತ ಮಣ್ಣಿನ ಗುಡಾಣದಲ್ಲಿ ಹುದುಗಿಸಿದ್ದು. ಒಗರು ಜಾಸ್ತಿ, ನನಗೆ ಅದೇ ಮೆಚ್ಚು.

ನಮ್ಮ ಬಿಸಿಲಿಗೆ ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, 16ರಿಂದ 18 ಡಿಗ್ರಿಗೆ ಬಂದರೆ ಸಾಕು. ಬರೀ ಹೊಟ್ಟೆಯಲ್ಲಿ ಬೇಡ. ಮುದ್ದೆ, ಮಟನ್ ಸಾರಿನ ಜೊತೆ ಚೆನ್ನಾಗಿ ಹೊಂದುತ್ತದೆ, ವೈನಿನ ಹುಳಿಗೆ ಕೊಬ್ಬಿನ ಜಿಡ್ಡು ಬಾಯಲ್ಲಿ ನಿಲ್ಲುವುದಿಲ್ಲ. ಖಾರ ಮಾತ್ರ ಸ್ವಲ್ಪ ಕಡಿಮೆ ಹಾಕಿ, ಒಗರಿನ ಜೊತೆ ಇನ್ನೂ ಉರಿಯುತ್ತದೆ.