ನಗು ಯಾರ ಮೇಲೆ? ಹದಿಹರೆಯದ ಹಾರರ್ ಚಿತ್ರಕಥೆಯಲ್ಲಿ ಸ್ತ್ರೀವಾದಿ ವಿಡಂಬನೆ ಬರೆಯುವ ಬಗೆ

ಬರೆಯಲು ಕೂರುವ ಮುನ್ನ ಒಂದು ಮಾತನ್ನು ಹುಡುಕಿಕೊಳ್ಳಿ. ಹುಡುಗಿಯರಿಗೆ ದಿನಾ ಹೇಳುವ, ಹೇಳಿದವರಿಗೆ ಆಮೇಲೆ ನೆನಪೂ ಇರದ ಮಾತು: ‘ಸ್ವಲ್ಪ ನಗಬಾರದಾ?’, ‘ಹುಡುಗರೆಂದರೆ ಹಾಗೇ’, ‘ಈ ವಯಸ್ಸಿಗೆ ಇದೆಲ್ಲ ಸಹಜ’. ಇಂಥದ್ದೊಂದನ್ನು ಆರಿಸಿ, ಅದು ಅಕ್ಷರಶಃ ನಿಜವಾದರೆ ಏನಾದೀತು ಎಂದು ಕೇಳಿಕೊಳ್ಳಿ. ಭೂತ ಆ ಉತ್ತರದಿಂದ ಹುಟ್ಟಬೇಕು. ಭೂತವನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಸ್ತ್ರೀವಾದ ಸೇರಿಸಲು ಹೋದರೆ, ವಿಡಂಬನೆ ಸಂಭಾಷಣೆಯಲ್ಲಿ ಮಾತ್ರ ಉಳಿದು ಕಥೆ ತನ್ನ ಪಾಡಿಗೆ ಹಳೇ ದಾರಿ ಹಿಡಿಯುತ್ತದೆ.

ಇದನ್ನು ಕಲಿಯಲು 2000ದ ಕೆನಡಾ ಚಿತ್ರ ‘ಜಿಂಜರ್ ಸ್ನ್ಯಾಪ್ಸ್’ ನೋಡಬೇಕು. ಚಿತ್ರಕಥೆ ಕ್ಯಾರೆನ್ ವಾಲ್ಟನ್ ಅವರದು. ಅಕ್ಕನಿಗೆ ಮೊದಲ ಮುಟ್ಟು ಬಂದ ರಾತ್ರಿಯೇ ತೋಳಮಾನವ ಕಚ್ಚುತ್ತದೆ. ಮೈಯಲ್ಲಿ ಆಗುತ್ತಿರುವ ಬದಲಾವಣೆಗಳ ಬಗ್ಗೆ ಅಕ್ಕತಂಗಿಯರು ಶಾಲೆಯ ನರ್ಸ್ ಬಳಿ ಕೇಳುತ್ತಾರೆ. ಹೊಸದಾಗಿ ಕೂದಲು ಬರುತ್ತಿದೆ, ನೋವಿದೆ ಎಂದರೆ, ಅದೆಲ್ಲ ಇದ್ದದ್ದೇ ಎಂದು ನರ್ಸ್ ಹಸನ್ಮುಖಿಯಾಗಿ ಸಮಾಧಾನ ಹೇಳುತ್ತಾಳೆ. ನರ್ಸ್ ಒಳ್ಳೆಯವಳು. ಮಾಮೂಲಿ ಸಂದರ್ಭದಲ್ಲಿ ಅವಳ ಉತ್ತರವೂ ಸರಿಯೇ. ಎದುರಿಗಿರುವ ಹುಡುಗಿಯ ಮಾತಿಗೆ ಕಿವಿಗೊಡದಿರುವುದಷ್ಟೇ ಅವಳ ತಪ್ಪು, ಅಲ್ಲಿಂದಲೇ ನಗುವೂ ಭಯವೂ ಒಟ್ಟಿಗೆ ಹುಟ್ಟುತ್ತವೆ. ಅದೇ ನರ್ಸನ್ನು ಸಿಡುಕಿಯಾಗಿ ಬರೆದಿದ್ದರೆ ಸೀನ್ ಸತ್ತುಹೋಗುತ್ತಿತ್ತು, ಏಕೆಂದರೆ ತಪ್ಪೆಲ್ಲ ಅವಳೊಬ್ಬಳ ತಲೆಗೆ ಬಂದು, ಕಿವಿಗೊಡದಿರುವ ಆ ಅಭ್ಯಾಸ ತಪ್ಪಿಸಿಕೊಳ್ಳುತ್ತಿತ್ತು.

ಇಂಥ ಸೀನ್ ಕಟ್ಟುವ ಕ್ರಮ ಹೀಗೆ. ಮೊದಲ ಕರಡಿನಲ್ಲಿ ಒಂದೂ ಜೋಕ್ ಬೇಡ. ಪ್ರಿನ್ಸಿಪಾಲ್, ಕೌನ್ಸೆಲರ್, ಪೊಲೀಸ್, ಅಮ್ಮ ಯಾರೇ ಆಗಲಿ, ಅವರು ತಮ್ಮ ಕೆಲಸದ ಭಾಷೆಯಲ್ಲೇ ಮಾತಾಡಲಿ: ಫಾರಂ, ಸುತ್ತೋಲೆ, ನಿಯಮ. ಹುಡುಗಿಯ ಪ್ರಶ್ನೆ ಮಾತ್ರ ನಿಖರವಾಗಿರಲಿ. ‘ನನಗೆ ಏನೋ ಆಗ್ತಿದೆ’ ಎಂದರೆ ಸಾಲದು, ‘ನಿನ್ನೆ ರಾತ್ರಿಯಿಂದ ನನ್ನ ನೆರಳು ನನಗಿಂತ ತಡವಾಗಿ ಬರ್ತಿದೆ’ ಎನ್ನಬೇಕು. ಎರಡನೆಯ ಕರಡಿನಲ್ಲಿ ಒಂದೇ ಒಂದು ಅಸಹಜ ಸಂಗತಿಯನ್ನು ಸೇರಿಸಿ, ಉಳಿದದ್ದನ್ನು ಮುಟ್ಟಬೇಡಿ. ಒಂದು ಸೀನಿಗೆ ಎರಡು ವಿಚಿತ್ರಗಳಾದರೆ ಪ್ರೇಕ್ಷಕರ ಗಮನ ಒಡೆದು, ಹಿರಿಯರ ಉದಾಸೀನ ಕಣ್ಣಿಗೆ ಬೀಳುವುದಿಲ್ಲ. ಉದ್ದ ಒಂದರಿಂದ ಒಂದೂವರೆ ಪುಟ ಸಾಕು.

ಉದಾಸೀನವನ್ನು ಮೂರು ಸಲ ತನ್ನಿ. ಮೊದಲ ಸಲ ನಗು ಬರಬೇಕು, ಎರಡನೆಯ ಸಲ ಇರಿಸುಮುರಿಸಾಗಬೇಕು, ಮೂರನೆಯ ಸಲ ಬೆಲೆ ತೆರಬೇಕು. 1976ರ ‘ಕ್ಯಾರಿ’ಯಲ್ಲಿ ಪ್ರಿನ್ಸಿಪಾಲ್ ಹುಡುಗಿಯ ಹೆಸರನ್ನು ಮತ್ತೆ ಮತ್ತೆ ತಪ್ಪಾಗಿ ಕರೆಯುತ್ತಾನೆ. ಕೊನೆಗೆ ಅವಳು ಕಿರುಚಿದಾಗ ಮೇಜಿನ ಮೇಲಿನ ಆಶ್‌ಟ್ರೇ ಯಾರೂ ಮುಟ್ಟದೆಯೇ, ಅವಳ ಮನಶ್ಶಕ್ತಿಯಿಂದ, ಹಾರಿ ಬೀಳುತ್ತದೆ. ಮುಂದೆ ಬರುವ ಸರ್ವನಾಶದ ಬೀಜ ಆ ಪುಟ್ಟ ಆಶ್‌ಟ್ರೇಯಲ್ಲಿದೆ.

ಮಾತಿಗಿಂತ ವಸ್ತು ಚುರುಕಾಗಿ ಕೆಲಸ ಮಾಡುತ್ತದೆ. 2007ರ ‘ಟೀತ್’ ಚಿತ್ರದ ಶಾಲಾ ಪಠ್ಯಪುಸ್ತಕದಲ್ಲಿ ಗಂಡಿನ ದೇಹರಚನೆಯ ಚಿತ್ರ ತೆರೆದೇ ಇರುತ್ತದೆ, ಹೆಣ್ಣಿನದರ ಮೇಲೆ ಸ್ಟಿಕ್ಕರ್ ಅಂಟಿಸಿರುತ್ತಾರೆ. ಒಂದು ಸ್ಟಿಕ್ಕರ್ ಹತ್ತು ಸಂಭಾಷಣೆಯ ಕೆಲಸ ಮಾಡಿಬಿಡುತ್ತದೆ. ನಿಮ್ಮ ಕಥೆಯ ಶಾಲೆಯಲ್ಲೂ ಅಂಥದ್ದೊಂದನ್ನು ಹುಡುಕಿ: ನೋಟಿಸ್ ಬೋರ್ಡು, ಸಮವಸ್ತ್ರದ ಅಳತೆಪಟ್ಟಿ, ಬಹುಮಾನದ ಫಲಕ. ಅದನ್ನು ಮೊದಲ 15 ಪುಟಗಳಲ್ಲಿ ಯಾರೂ ಅದರ ಬಗ್ಗೆ ಮಾತಾಡದಂತೆ ತೋರಿಸಿ, ಕೊನೆಯ ಭಾಗದಲ್ಲಿ ಕಥೆಗೆ ಬೇಕಾಗುವಂತೆ ಮಾಡಿ.

ಇನ್ನು ‘ಫೈನಲ್ ಗರ್ಲ್’ ವಿಚಾರ. ಕೊನೆಯವರೆಗೆ ಬದುಕುಳಿಯುವ ಹುಡುಗಿಗೆ ಈ ಹೆಸರಿಟ್ಟವರು ಚಲನಚಿತ್ರ ವಿದ್ವಾಂಸೆ ಕ್ಯಾರಲ್ ಕ್ಲೋವರ್, 1987ರ ಪ್ರಬಂಧವೊಂದರಲ್ಲಿ. ‘ಶೀಲವಂತೆ ಉಳಿಯುತ್ತಾಳೆ, ಉಳಿದವರು ಸಾಯುತ್ತಾರೆ’ ಎಂಬ ರೂಢಿಯನ್ನು ತಲೆಕೆಳಗು ಮಾಡಿದರೆ ವಿಡಂಬನೆಯಾಯಿತು ಎಂದು ಹಲವರು ತಿಳಿಯುತ್ತಾರೆ. 1996ರ ‘ಸ್ಕ್ರೀಮ್’ ಆ ನಿಯಮವನ್ನು ಆಗಲೇ ಮುರಿದಿದೆ. ಹಾಗಾಗಿ ಮುಂದಿನ ಪ್ರಶ್ನೆ ಕೇಳಿ: ಈ ನಿಯಮದಿಂದ ಯಾರಿಗೆ ಲಾಭ? 2009ರ ‘ಜೆನಿಫರ್ಸ್ ಬಾಡಿ’ಯಲ್ಲಿ (ಚಿತ್ರಕಥೆ ಡಯಾಬ್ಲೊ ಕೋಡಿ, ನಿರ್ದೇಶನ ಕ್ಯಾರಿನ್ ಕುಸಾಮ) ಸಂಗೀತ ತಂಡವೊಂದು ಕನ್ಯೆಯೆಂದು ತಿಳಿದು ಹುಡುಗಿಯನ್ನು ಸೈತಾನನಿಗೆ ಬಲಿ ಕೊಡುತ್ತದೆ. ಹೆಸರು ಮಾಡುವುದು ಎಷ್ಟು ಕಷ್ಟ ಎಂದು ತಮ್ಮ ವೃತ್ತಿಯ ಗೋಳು ಹೇಳಿಕೊಳ್ಳುತ್ತಲೇ ಕೊಲ್ಲುತ್ತಾರೆ, ಆಮೇಲೆ ಊರು ಅವರನ್ನೇ ಕೊಂಡಾಡುತ್ತದೆ. ಕರಾಳ ಹಾಸ್ಯದ ಜಾಗ ಇದು: ಕ್ರೌರ್ಯಕ್ಕೂ ಅದನ್ನು ಮಾಡುವವರ ಸಾಧಾರಣ ಮಾತಿಗೂ ನಡುವಿನ ಅಂತರ. ಹುಡುಗಿಯ ನೋವು ಆ ಸೀನಿನಲ್ಲಿ ಎಲ್ಲೂ ಜೋಕ್ ಆಗುವುದಿಲ್ಲ.

ನಿಮ್ಮ ಚಿತ್ರಕಥೆಯನ್ನು ಇದೇ ಒರೆಗಲ್ಲಿಗೆ ಹಚ್ಚಿ. ನಗು ಬರಬೇಕಾದ ಪ್ರತಿ ಸಾಲಿನ ಪಕ್ಕದ ಅಂಚಿನಲ್ಲಿ, ನಗು ಯಾರ ಮೇಲೆ ಎಂದು ಬರೆಯಿರಿ: ಹುಡುಗಿಯ ಮೇಲೋ, ಅಪರಾಧಿಯ ಮೇಲೋ, ನಿಯಮದ ಮೇಲೋ. ಐದರಲ್ಲಿ ಒಂದಕ್ಕಿಂತ ಹೆಚ್ಚು ಹುಡುಗಿಯ ಮೇಲಿದ್ದರೆ ತಿದ್ದಲೇಬೇಕು. ನಾಯಕಿ ಬೇರೆ ಹುಡುಗಿಯರ ಲಿಪ್‌ಸ್ಟಿಕ್ಕನ್ನೋ ಅಳುವನ್ನೋ ಅಣಕಿಸಿ ಗಟ್ಟಿಗಿತ್ತಿ ಎನಿಸಿಕೊಳ್ಳುವ ಸಾಲುಗಳು ಈ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತವೆ. ಅವನ್ನು ತೆಗೆದುಹಾಕಿ.

ಧಾಟಿ ಮೊದಲ ಪುಟದಿಂದಲೇ ಖಚಿತವಾಗಿರಬೇಕು. 1982ರ ‘ದ ಸ್ಲಂಬರ್ ಪಾರ್ಟಿ ಮ್ಯಾಸಕರ್’ ಅನ್ನು ಸ್ತ್ರೀವಾದಿ ಲೇಖಕಿ ರೀಟಾ ಮೇ ಬ್ರೌನ್ ಅಣಕವಾಗಿ ಬರೆದಿದ್ದರು, ತೆರೆಗೆ ಬಂದದ್ದು ಬಹುಪಾಲು ಗಂಭೀರ ಸ್ಲ್ಯಾಷರ್ (ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಕೊಲ್ಲುತ್ತ ಹೋಗುವ ಚಿತ್ರ) ಆಗಿ. ಕೊಲೆಗಾರನ ಡ್ರಿಲ್ ತುಂಡಾಗುವಂಥ ಕಡೆ ಅಣಕ ಇಣುಕುತ್ತದೆ, ಉಳಿದಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಅದಕ್ಕೇ ಸೀನಿನ ವಿವರಣೆಯಲ್ಲಿ ಕ್ಯಾಮೆರಾ ಯಾರ ಮುಖದ ಮೇಲಿದೆ ಎಂದು ಬರೆದಿಡಿ. ಹುಡುಗಿಯರನ್ನು ಕದ್ದು ನೋಡುವುದನ್ನು ಟೀಕಿಸುವ ಸೀನಿನಲ್ಲಿ ಕ್ಯಾಮೆರಾ ತಾನೇ ಕದ್ದು ನೋಡುತ್ತ ನಿಂತರೆ, ಟೀಕೆ ಅಲ್ಲಿಗೆ ಮುಗಿಯಿತು. ನೋಡುವವನ ಮುಖ ತೋರಿಸಿ, ಅವಳ ದೇಹವನ್ನಲ್ಲ. ಎಡಿಟಿಂಗ್‌ನಲ್ಲಿ ಸ್ಟಾಪ್‌ವಾಚ್ ಹಿಡಿದು ಹುಡುಗಿಯರ ಸಾವಿಗೆ ಎಷ್ಟು ಸೆಕೆಂಡ್, ಹುಡುಗರ ಸಾವಿಗೆ ಎಷ್ಟು ಸೆಕೆಂಡ್ ಎಂದು ಅಳೆಯಿರಿ. ದುಪ್ಪಟ್ಟು ವ್ಯತ್ಯಾಸವಿದ್ದರೆ ಚಿತ್ರ ಏನನ್ನು ಸವಿಯುತ್ತಿದೆ ಎಂಬುದು ಗೊತ್ತಾಗುತ್ತದೆ.

ನಗುವನ್ನು ಭಯದ ಹೊಡೆತಕ್ಕೆ ಮೊದಲು ಇಡಿ. ಪ್ರೇಕ್ಷಕರು ನಕ್ಕು ಮೈ ಸಡಿಲಿಸಿದ ಕ್ಷಣದಲ್ಲಿ ಭಯ ಆಳಕ್ಕೆ ಇಳಿಯುತ್ತದೆ. ಹೊಡೆತದ ಬೆನ್ನಿಗೇ ಜೋಕ್ ಬಂದರೆ ಬಿಗಿ ಬಿಟ್ಟುಹೋಗಿ ಸಾವು ಹಗುರಾಗುತ್ತದೆ. ಪ್ರತಿಕ್ರಿಯೆಯ ಶಾಟ್ ಎರಡು ಸೆಕೆಂಡ್, ಅಂದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 48 ಫ್ರೇಮ್, ಸಾಮಾನ್ಯವಾಗಿ ಸಾಕು. ನಾಲ್ಕಕ್ಕೆ ಹೋದರೆ ‘ಈಗ ನಗಿ’ ಎಂದು ಕೈಸನ್ನೆ ಮಾಡಿದಂತಾಗುತ್ತದೆ. ಕ್ಲೈಮ್ಯಾಕ್ಸಿನಲ್ಲಿ ಸಂದೇಶ ಹೇಳುವ ಭಾಷಣ ಬಂದಿದ್ದರೆ ಪೂರ್ತಿ ಅಳಿಸಿ ಓದಿ. ಕಥೆ ಅರ್ಥವಾದರೆ ಭಾಷಣ ಬೇಕಿರಲಿಲ್ಲ. ಅರ್ಥವಾಗದಿದ್ದರೆ ತೊಂದರೆ ಹಿಂದೆ ಎಲ್ಲೋ ಇದೆ.

ಕರಡು ಮುಗಿದ ಮೇಲೆ ಐದಾರು ಜನರನ್ನು ಕೂರಿಸಿ ಗಟ್ಟಿಯಾಗಿ ಓದಿಸಿ, ಅವರಲ್ಲಿ ಹದಿಹರೆಯದ ಹುಡುಗಿಯರೂ ಇರಲಿ. ಯಾರು ಎಲ್ಲಿ ನಕ್ಕರು, ಎಲ್ಲಿ ಗಂಡಸರು ಮಾತ್ರ ನಕ್ಕರು ಎಂದು ಗುರುತು ಹಾಕಿಕೊಳ್ಳಿ. ಓದು ಮುಗಿದಾಗ ಪ್ರತಿಯೊಬ್ಬರಿಂದ ಒಂದೇ ಸಾಲು ಬರೆಸಿ: ಇದೆಲ್ಲ ಶುರುವಾಗುವ ಮೊದಲು ಈ ಹುಡುಗಿಗೆ ಏನು ಬೇಕಿತ್ತು? ‘ಸೇಡು’ ಎಂದಷ್ಟೇ ಉತ್ತರ ಬಂದರೆ ಮೊದಲ 15 ಪುಟಗಳಿಗೆ ಮರಳಿ, ಅವಳಿಗೆ ಅವಳದೇ ಆದ ಒಂದು ಆಸೆ ಕೊಟ್ಟು ಮತ್ತೆ ಓದಿಸಿ.