ಸೂಜಿ ಚುಚ್ಚುವ ಮುನ್ನ, ಚುಚ್ಚಿದ ಮೇಲೆ: ಆಸ್ಪತ್ರೆ ಕಸ ಎತ್ತುವವರು ತಿಳಿದಿರಬೇಕಾದದ್ದು

ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಿರಲಿ, ಜೋಯಿಡಾದ ಹಳ್ಳಿಯ ಆರೋಗ್ಯ ಕೇಂದ್ರವಿರಲಿ, ಕಸ ಎತ್ತುವವರಿಗೆ ಹೆಪಟೈಟಿಸ್ (ವೈರಸ್ಸಿನಿಂದ ಬರುವ ಯಕೃತ್ತಿನ ಸೋಂಕು) ಅಂಟುವ ದೊಡ್ಡ ದಾರಿ ಒಂದೇ. ಚೂಪು ವಸ್ತುಗಳ ಬಿಳಿ ಡಬ್ಬಿಗೆ ಬೀಳಬೇಕಿದ್ದ ಸೂಜಿ, ಪ್ಲಾಸ್ಟಿಕ್ ಕಸದ ಕೆಂಪು ಚೀಲವನ್ನೋ ರಕ್ತ ಮೆತ್ತಿದ ಹತ್ತಿ-ಬಟ್ಟೆಯಂಥ ಕಸದ ಹಳದಿ ಚೀಲವನ್ನೋ ಸೇರಿರುತ್ತದೆ. ಸೂಜಿಯ ರಕ್ತದಲ್ಲಿ ಹೆಪಟೈಟಿಸ್ ಬಿ ಇದ್ದು, ಚುಚ್ಚಿಸಿಕೊಂಡವರಿಗೆ ಲಸಿಕೆ ಆಗಿರದಿದ್ದರೆ ಸೋಂಕು ತಗಲುವ ಸಾಧ್ಯತೆ ಶೇ. 6ರಿಂದ 30. ಎಚ್‌ಐವಿಗೆ ಅದು ಶೇ. 0.3 ಮಾತ್ರ. ಒಣಗಿದ ರಕ್ತದಲ್ಲೂ ಬಿ ವೈರಸ್ 7 ದಿನ ಬದುಕಿರಬಲ್ಲದು. ನಿನ್ನೆಯ ಕಸ ಎಂದು ಸಲೀಸಾಗಿ ಕೈ ಹಾಕಬೇಡಿ.

ಮೊದಲ ಕೆಲಸ ಲಸಿಕೆ. ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆಸ್ಪತ್ರೆಯ ಹೊಣೆ. ಗುತ್ತಿಗೆಯವರು ಎಂದು ಬಿಡುವಂತಿಲ್ಲ. ಬಿ ಲಸಿಕೆ 3 ಸಲ: ಮೊದಲ ದಿನ, 1 ತಿಂಗಳಿಗೆ, 6 ತಿಂಗಳಿಗೆ. ದೊಡ್ಡವರಿಗೆ ತಲಾ 1 ಮಿ.ಲೀ., ತೋಳಿನ ಸ್ನಾಯುವಿಗೇ. ಪೃಷ್ಠಕ್ಕೆ ಚುಚ್ಚಿದರೆ ಸರಿಯಾಗಿ ಹಿಡಿಯುವುದಿಲ್ಲ. ತಪ್ಪುವುದು ಹೆಚ್ಚಾಗಿ ಮೂರನೆಯದು. ಅಷ್ಟರಲ್ಲಿ ಗುತ್ತಿಗೆ ಬದಲಾಗಿರುತ್ತದೆ, ಹಳೆಯ ಚೀಟಿ ಕಳೆದಿರುತ್ತದೆ. ತಡವಾದರೂ ಮೊದಲಿನಿಂದ ಶುರು ಮಾಡಬೇಕಿಲ್ಲ, ಉಳಿದದ್ದನ್ನು ಹಾಕಿಸಿದರೆ ಸಾಕು. ಮೂರನೆಯ ಡೋಸ್ ಆದ 1-2 ತಿಂಗಳಿಗೆ, ಲಸಿಕೆ ಹಿಡಿದಿದೆಯೇ ಎಂದು ತೋರಿಸುವ ಆಂಟಿ-ಎಚ್‌ಬಿಎಸ್ ರಕ್ತಪರೀಕ್ಷೆ ಮಾಡಿಸಿ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಸಿಕ್ಕಿದೆ. ಕಡಿಮೆಯಾದರೆ ಮತ್ತೊಂದು ಸುತ್ತು ಬೇಕು. ಈ ವರದಿಯ ಒಂದು ಪ್ರತಿ ಕಾರ್ಮಿಕರ ಕೈಯಲ್ಲೇ ಇರಬೇಕು. ಎಷ್ಟೋ ಕಡೆ ಲಸಿಕೆ ಹಾಕಿ ಕೈತೊಳೆದುಕೊಳ್ಳುತ್ತಾರೆ, ಹಿಡಿಯಿತೋ ಇಲ್ಲವೋ ಯಾರೂ ನೋಡುವುದಿಲ್ಲ. ಹೆಪಟೈಟಿಸ್ ಸಿಗೆ ಲಸಿಕೆಯೇ ಇಲ್ಲ.

ಚೀಲ ಮುಕ್ಕಾಲು ತುಂಬಿದಾಗಲೇ ಕಟ್ಟಬೇಕು. ಜಾಗ ಮಾಡಲು ಕೈಯಿಂದಾಗಲಿ ಕಾಲಿನಿಂದಾಗಲಿ ಅದುಮಬಾರದು. ಎತ್ತುವಾಗ ಕಟ್ಟಿದ ಕೊರಳು ಹಿಡಿದು, ಕಾಲಿಗೆ ತಾಗದಂತೆ ದೂರ ಹಿಡಿಯಿರಿ. ತಳಕ್ಕೆ ಕೈ ಕೊಡಬೇಡಿ, ಹೆಗಲಿಗೇರಿಸಬೇಡಿ. ವಾರ್ಡಿನವರು ಕೊಡುವ ತೆಳು ಕೈಗವಸು ಈ ಕೆಲಸಕ್ಕಲ್ಲ. ಮೊಣಕೈವರೆಗೆ ಬರುವ ದಪ್ಪ ರಬ್ಬರಿನದು, ಗಂಬೂಟು, ಏಪ್ರನ್, ಕನ್ನಡಕ ಬೇಕು. ದಪ್ಪ ಗವಸೂ ಸೂಜಿಯನ್ನು ಪೂರ್ತಿ ತಡೆಯುವುದಿಲ್ಲ. ಕರಾವಳಿಯ ಸೆಕೆಗೆ ಒಳಗೆ ಬೆವರಿ ಕೈ ಜಾರುತ್ತದೆ, ಆಗ ಗವಸು ಕಳಚಿಡುವುದು ಸಾಮಾನ್ಯ. ಒಬ್ಬೊಬ್ಬರಿಗೆ ಎರಡು ಜೊತೆ ಕೊಟ್ಟು ಒಂದನ್ನು ಒಣಗಲು ಬಿಟ್ಟರೆ ಈ ತೊಂದರೆ ತಪ್ಪುತ್ತದೆ. ಕೆಂಪು ಚೀಲದೊಳಗೆ ಸೂಜಿ ಕಂಡರೆ ಹೆಕ್ಕಲು ಹೋಗಬೇಡಿ. ಚೀಲ ಬದಿಗಿಟ್ಟು ವಾರ್ಡಿನ ಸಿಸ್ಟರನ್ನು ಕರೆಯಿರಿ.

ನೆಲದ ಮೇಲೆ ರಕ್ತ ಚೆಲ್ಲಿದ್ದರೆ ಹೀರುವ ಬಟ್ಟೆ ಮುಚ್ಚಿ, ಶೇ. 1ರ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಸುರಿದು 30 ನಿಮಿಷ ಬಿಟ್ಟು ಒರೆಸಿ. ಶೇ. 5ರ ದ್ರಾವಣವಿದ್ದರೆ 1 ಪಾಲಿಗೆ 4 ಪಾಲು ನೀರು. ಶೇ. 30 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯಾದರೆ ಲೀಟರಿಗೆ ಸುಮಾರು 33 ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಪುಡಿ ಗಾಳಿಯ ತೇವ ಹೀರಿ ಗಟ್ಟಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಗಂಟು ಕಟ್ಟಿದ್ದನ್ನು ನಂಬಬೇಡಿ. ದ್ರಾವಣ ದಿನದಿನ ಹೊಸದಾಗಿರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ವಿಷಾನಿಲ ಏಳುತ್ತದೆ.

ಚುಚ್ಚಿದರೆ ಆ ಕ್ಷಣವೇ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯಿರಿ. ಹಿಂಡಬೇಡಿ, ಬಾಯಲ್ಲಿಟ್ಟು ಚೀಪಬೇಡಿ, ಬ್ಲೀಚ್ ಹಚ್ಚಬೇಡಿ. ಕಣ್ಣಿಗೆ ಸಿಡಿದರೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಹೊತ್ತು, ಯಾವ ವಾರ್ಡು, ಯಾವ ಚೀಲ ಎಂದು ರಿಜಿಸ್ಟರಿನಲ್ಲಿ ಬರೆಸಿ, ಅಂದೇ ವೈದ್ಯರಿಗೆ ತೋರಿಸಿ. ಸೂಜಿ ಯಾರದೆಂದು ಗೊತ್ತಿಲ್ಲದಿದ್ದರೆ ಸೋಂಕಿತರದೆಂದೇ ಎಣಿಸಬೇಕು. ಲಸಿಕೆ ಆಗಿರದವರಿಗೆ ಹೆಪಟೈಟಿಸ್ ಬಿ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕು: ಕಿಲೋ ತೂಕಕ್ಕೆ 0.06 ಮಿ.ಲೀ., 60 ಕಿಲೋದವರಿಗೆ 3.6 ಮಿ.ಲೀ. 24 ಗಂಟೆಯೊಳಗಾದರೆ ಒಳ್ಳೆಯದು, 7 ದಿನ ದಾಟಬಾರದು. ಇನ್ನೊಂದು ತೋಳಿಗೆ ಲಸಿಕೆಯ ಮೊದಲ ಡೋಸ್. ಈ ಇಮ್ಯುನೋಗ್ಲಾಬ್ಯುಲಿನ್ ಎಲ್ಲ ಕಡೆ ದಾಸ್ತಾನಿರುವುದಿಲ್ಲ. ಆದ್ದರಿಂದ ಗಟ್ಟದ ಮೇಲಿನವರು ಹತ್ತಿರದಲ್ಲೇ ಲಸಿಕೆ ಹಾಕಿಸಿಕೊಂಡು, ಫೋನಿನಲ್ಲಿ ಕೇಳಿಕೊಂಡೇ ಶಿರಸಿಗೋ ಕಾರವಾರಕ್ಕೋ ಹೊರಡಿ. ಎಚ್‌ಐವಿ ತಡೆಯ ಮಾತ್ರೆ 2 ಗಂಟೆಯೊಳಗೆ ಶುರುವಾದರೆ ಉತ್ತಮ. 72 ಗಂಟೆ ಮೀರಿದರೆ ಪ್ರಯೋಜನವಿಲ್ಲ. ಅದನ್ನು 28 ದಿನ ನುಂಗಬೇಕು.

ಅಂದೇ ಬಿ, ಸಿ ಮತ್ತು ಎಚ್‌ಐವಿಗೆ ರಕ್ತ ಕೊಡಿ. ಮುಂದೆ ಸೋಂಕು ಕಂಡರೆ, ಅದು ಕೆಲಸದಿಂದಲೇ ಬಂದದ್ದೆಂದು ತೋರಿಸಲು ಆ ದಿನದ ವರದಿ ಬೇಕಾಗುತ್ತದೆ. ಬಿ ಪರೀಕ್ಷೆ 6 ತಿಂಗಳಿಗೆ ಮತ್ತೆ. ಸಿಗೆ 3-6 ವಾರಕ್ಕೆ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ, 4-6 ತಿಂಗಳಿಗೆ ಆಂಟಿಬಾಡಿ (ಪ್ರತಿಕಾಯ) ಪರೀಕ್ಷೆ. ಕಣ್ಣು ಹಳದಿಯಾಗಲಿ ಆಮೇಲೆ ನೋಡೋಣ ಎಂದು ಕೂರಬೇಡಿ: ಸಿ ಬಹುತೇಕರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಕಾಮಾಲೆಗೆ ಹಳ್ಳಿಮದ್ದು ಕುಡಿದು ತಿಂಗಳು ಕಳೆಯುವುದಂತೂ ಬೇಡವೇ ಬೇಡ. ಹೆಪಟೈಟಿಸ್ ಸಿ ಈಗ ಮಾತ್ರೆಗಳಿಂದ, ಸಾಮಾನ್ಯವಾಗಿ 12 ವಾರದಲ್ಲಿ, ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ತಪಾಸಣೆ ಮತ್ತು ಔಷಧ ಉಚಿತ.

ಮಳೆಗಾಲದ ಇನ್ನೊಂದು ಸಂಗತಿ. ಹಳದಿ ಚೀಲದ ಕಸವನ್ನು 48 ಗಂಟೆಗಿಂತ ಹೆಚ್ಚು ಇಡಬಾರದು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಆದಂತೆ ಹೆದ್ದಾರಿ ಬಂದಾಗಿ ಕಸದ ಗಾಡಿ ಬಾರದಿದ್ದರೆ, ಕಾರಣ ಬರೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು. ಕೋಣೆಗೆ ಬೀಗವಿರಲಿ, ನೀರು ನುಗ್ಗದಷ್ಟು ಎತ್ತರದಲ್ಲಿರಲಿ. ಚೀಲದ ಮೇಲೆ ಚೀಲ ಪೇರಿಸಿದರೆ ಅಡಿಯದು ಒಡೆದು, ತೆಗೆಯುವವರ ಕೈಗೆ ಸೂಜಿ ತಾಗುತ್ತದೆ.

ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಮೇಲೆ ಸೂಜಿ ಎಂದು ಬರೆದು ಬೇರೆಯಾಗಿಯೇ ಕೊಡಿ. ಕುಮಟಾದ ಪೇಟೆಯಲ್ಲೋ ಅಂಕೋಲೆಯ ಓಣಿಯಲ್ಲೋ ನಿಮ್ಮ ಕಸ ಕೈಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕರಿಗೆ ಯಾವ ಬಣ್ಣದ ಚೀಲದ ಸೂಚನೆಯೂ ಇರುವುದಿಲ್ಲ.