ಕೀಮೋ ಮುಗಿಸಿ ಬಂದ ಮಗು, ಹೊಸ ಊರಿನ ಜಿಪಿ: ಕಿಡ್ನಿ ವಿಷಯ ಹೇಳಿದಿರಾ?

ಇಂಗ್ಲೆಂಡಿಗೆ ಬಂದ ಮೊದಲ ತಿಂಗಳು ಬಾಡಿಗೆ ಮನೆ, ಶಾಲೆ, ಬ್ಯಾಂಕ್ ಖಾತೆ ಅಂತ ಓಡಾಟದಲ್ಲೇ ಮುಗಿದುಹೋಗುತ್ತದೆ. ನಿಮ್ಮ ಮಗುವಿಗೆ ಹಿಂದೆ ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ ಇನ್ನೊಂದು ಕೆಲಸ ಸೇರಿಸಿಕೊಳ್ಳಿ. ಕೆಲವು ಕೀಮೋ ಔಷಧಗಳು ಕಿಡ್ನಿಗೆ ಪೆಟ್ಟು ಕೊಡಬಹುದು. ಕೀಮೋದಲ್ಲಿ ಯಾವ ಔಷಧ, ಒಟ್ಟು ಎಷ್ಟು ಕೊಟ್ಟರು ಎನ್ನುವ ಕಾಗದ ಜಿಪಿ, ಅಂದರೆ ಇಲ್ಲಿ ನೀವು ನೋಂದಾಯಿಸಿಕೊಳ್ಳುವ ಡಾಕ್ಟರ್, ಕೈಗೆ ಸೇರಬೇಕು.

ನಮ್ಮ ಕೂಟದ ಒಬ್ಬ ತಾಯಿ ನೋಂದಣಿ ಫಾರ್ಮಿನಲ್ಲಿ ಹಳೇ ಕಾಯಿಲೆ ಏನೂ ಇಲ್ಲ ಅಂತ ಬರೆದಿದ್ದರು. "ನಾಲ್ಕು ವರ್ಷ ಆಯ್ತಲ್ಲ, ಕೂದಲೂ ಬಂತು, ಇನ್ನೇನು ಅಂತ ಸುಮ್ನಾದೆ" ಅಂದರು. ಹುಡುಗ ರಾತ್ರಿ ಎರಡು ಮೂರು ಸಲ ಎದ್ದು ನೀರು ಕುಡಿಯುತ್ತಿದ್ದ. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುತ್ತಿದ್ದ. ಮನೆಯವರು ಇಲ್ಲಿನ ಚಳಿಗೆ ಹೀಗೆ ಅಂದುಕೊಂಡರು. ರಕ್ತ ಪರೀಕ್ಷೆ ಮಾಡಿದಾಗ ಮೂಳೆಗೆ ಬೇಕಾದ ಫಾಸ್ಫೇಟ್ ಎಂಬ ಲವಣ ತೀರಾ ಕಡಿಮೆ. ಹಳೇ ಫೈಲ್ ತೆಗೆದು ನೋಡಿದರೆ ಐಫೋಸ್ಫಮೈಡ್ ಎಂಬ ಕೀಮೋ ಔಷಧ ಕೊಟ್ಟಿದ್ದರು.

ಕಿಡ್ನಿ ರಕ್ತ ಸೋಸುತ್ತದೆ, ಅದು ಎಲ್ಲರಿಗೂ ಗೊತ್ತು. ಸೋಸಿದ ನೀರಿನಿಂದ ಬೇಕಾದ ಲವಣಗಳನ್ನು ವಾಪಸ್ ಹೀರಿಕೊಳ್ಳುವ ಸಣ್ಣ ನಾಳಗಳೂ ಅದರಲ್ಲಿವೆ. ಐಫೋಸ್ಫಮೈಡ್ ಪೆಟ್ಟು ಕೊಡುವುದು ಮುಖ್ಯವಾಗಿ ಈ ನಾಳಗಳಿಗೆ. ಆಗ ಫಾಸ್ಫೇಟ್, ಪೊಟ್ಯಾಸಿಯಂ ಎಲ್ಲ ಮೂತ್ರದಲ್ಲಿ ಹರಿದುಹೋಗುತ್ತವೆ. ಮೂಳೆ ಮೆತ್ತಗಾಗಿ ಕಾಲು ಬಾಗಬಹುದು, ಎತ್ತರ ಬೆಳೆಯುವುದು ನಿಲ್ಲಬಹುದು. ಒಟ್ಟು ಡೋಸ್ ಮಗುವಿನ ಮೈ ವಿಸ್ತೀರ್ಣದ ಚದರ ಮೀಟರಿಗೆ 60 ಗ್ರಾಂ ದಾಟಿದ್ದರೆ, ಮಗು ತೀರಾ ಚಿಕ್ಕದಿದ್ದಾಗ ಕೊಟ್ಟಿದ್ದರೆ, ಅಥವಾ ವಿಲ್ಮ್ಸ್ ಗಡ್ಡೆಗೆ (ಮಕ್ಕಳ ಕಿಡ್ನಿ ಕ್ಯಾನ್ಸರ್) ಅಂತ ಒಂದು ಕಿಡ್ನಿ ತೆಗೆದಿದ್ದರೆ ಅಪಾಯ ಜಾಸ್ತಿ. ಸಿಸ್ಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧ ಕಿಡ್ನಿಯ ಸೋಸುವ ಶಕ್ತಿಯನ್ನೇ ತಗ್ಗಿಸಬಹುದು, ಮೆಗ್ನೀಸಿಯಂ ಸೋರಿಸುತ್ತದೆ. ಅದು ಕಿವಿಗೂ ತೊಂದರೆ ಕೊಡುವ ಔಷಧ, ಶ್ರವಣ ಪರೀಕ್ಷೆ ಕೇಳಿ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಆದರೆ ಆದಾಗ ಬಹಳ ಕಾಲ ಹೊರಗೆ ಏನೂ ಕಾಣಿಸುವುದಿಲ್ಲ.

ಅದಕ್ಕೇ ಪರೀಕ್ಷೆ ಬೇಕು. ವರ್ಷಕ್ಕೊಮ್ಮೆಯಾದರೂ ಬಿಪಿ, ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ (ಮಾಂಸಖಂಡದಿಂದ ಬರುವ, ಕಿಡ್ನಿ ಹೊರಹಾಕಬೇಕಾದ ಕಸ) ಜೊತೆಗೆ ಮೆಗ್ನೀಸಿಯಂ, ಫಾಸ್ಫೇಟ್, ಪೊಟ್ಯಾಸಿಯಂ ನೋಡುತ್ತೀರಾ ಅಂತ ಕೇಳಿ. "ಕ್ರಿಯಾಟಿನಿನ್ ನಾರ್ಮಲ್" ಅಂದ ತಕ್ಷಣ ಎದ್ದು ಬರಬೇಡಿ. ಸೊರಗಿದ ಮಗುವಿನ ಮೈಯಲ್ಲಿ ಮಾಂಸಖಂಡ ಕಡಿಮೆ, ಹಾಗಾಗಿ ಆ ಸಂಖ್ಯೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮಕ್ಕಳ ಕ್ಯಾನ್ಸರ್ ವಿಭಾಗದ 'ಲೇಟ್ ಎಫೆಕ್ಟ್ಸ್' (ಚಿಕಿತ್ಸೆ ಮುಗಿದ ಮೇಲೆ ತಡವಾಗಿ ಕಾಣುವ ತೊಂದರೆ ನೋಡುವ) ಕ್ಲಿನಿಕ್ಕಿಗೆ ರೆಫರಲ್ ಬೇಕು ಅಂತ ಬಾಯಿಬಿಟ್ಟು ಕೇಳಿ.

ಮನೆಯಲ್ಲಿ ನೋಡಿಕೊಳ್ಳುವುದು ಮುಖ್ಯವಾಗಿ ಔಷಧದ ಬೀರು. ಜ್ವರ ಬಂದರೆ ಕಾಲ್ಪಾಲ್ ಸರಿ, ಅದು ಪ್ಯಾರಾಸಿಟಮಾಲ್. ಪಕ್ಕದಲ್ಲೇ ಇರುವ ನ್ಯೂರೋಫೆನ್ ಐಬುಪ್ರೊಫೆನ್, ಡಾಕ್ಟರನ್ನು ಕೇಳದೆ ಕೊಡಬೇಡಿ. ಸೂಪರ್‌ಮಾರ್ಕೆಟಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ ಅಂದರೆ ಎಲ್ಲರಿಗೂ ಆಗುತ್ತದೆ ಅಂತಲ್ಲ. ಊರಿಂದ ಅಜ್ಜಿ ಪ್ರೀತಿಯಿಂದ ಕಳಿಸಿದ ಭಸ್ಮ, ಹೆಸರಿಲ್ಲದ ಪುಡಿಗಳೂ ಬೇಡ. ಕೆಲವದರಲ್ಲಿ ಸೀಸ, ಪಾದರಸ ಇರುತ್ತದೆ. ವಾಂತಿ ಭೇದಿ ಆಗಿ ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾಯಬೇಡಿ, ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ, ಕೀಮೋ ಆದ ಮಗು ಅಂತ ಮೊದಲೇ ಹೇಳಿ.

ಕೆಲವರು ಮುಂದೆ ಮದುವೆಗೆ ತೊಂದರೆ ಆದೀತು ಅಂತ ಕ್ಯಾನ್ಸರ್ ಮಾತನ್ನೇ ಎತ್ತುವುದಿಲ್ಲ. ನೆಂಟರಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ. ಜಿಪಿಗೆ ಮುಚ್ಚಿಡಬೇಡಿ. ವೀಸಾ ಜೊತೆ ಹೆಲ್ತ್ ಸರ್ಚಾರ್ಜ್ ಕಟ್ಟಿದ್ದೀರಲ್ವಾ? ಹಳೇ ಕಾಯಿಲೆ ಅಂತ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ವಾಪಸ್ ಕಳಿಸುವುದಿಲ್ಲ. ಇಂಗ್ಲಿಷ್ ಕಷ್ಟ ಅನ್ನಿಸಿದರೆ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡ ದುಭಾಷಿ ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಫೈಲ್ ಊರಲ್ಲೇ ಬಿಟ್ಟು ಬಂದಿದ್ದರೆ ಗಾಬರಿ ಬೇಡ. ಕಿದ್ವಾಯಿ ಆಗಲಿ, ಬೇರೆ ಆಸ್ಪತ್ರೆ ಆಗಲಿ, ಡಿಸ್ಚಾರ್ಜ್ ಸಮರಿ ಮತ್ತು ಕೀಮೋ ಚಾರ್ಟಿನ ಪುಟಗಳನ್ನು ಮನೆಯವರಿಂದ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಔಷಧದ ಹೆಸರು ಮತ್ತು ಮಿಲಿಗ್ರಾಂ ಓದುವ ಹಾಗಿರಬೇಕು. ಮೂಲೆ ಮಡಚಿದ್ದರೆ ಬಿಡಿಸಿ ಫೋಟೋ ತೆಗೆಯಲು ಹೇಳಿ.